ಕ್ಷಮೆ ಕೇಳುವ ಮೊದಲು

ಎರಡು ತಿಂಗಳ ಹಿಂದೆ ಈ ಅಂಕಣಕ್ಕೆ ಅಂಕೋಲೆಯ ಓದುಗರೊಬ್ಬರು ಪತ್ರ ಬರೆದು, ಗುರುವೊಬ್ಬನನ್ನು ನಂಬಿ ಮನೆ ಬಿಟ್ಟುಹೋದ ಮಗನನ್ನು ಹಿಂದಕ್ಕೆ ಕರೆಯುವುದು ಹೇಗೆ ಎಂದು ಕೇಳಿದ್ದರು. ವಾದಕ್ಕಿಳಿಯಬೇಡಿ, ಪತ್ರ ಬರೆಯುವುದನ್ನು ನಿಲ್ಲಿಸಬೇಡಿ, ಬಂದರೆ ಮನೆಯಿದೆ ಎಂಬುದು ಅವನಿಗೆ ಗೊತ್ತಿರಲಿ ಎಂದು ನಾನು ಉತ್ತರಿಸಿದ್ದೆ. ಆ ಸಂಚಿಕೆಯ ನಂತರ ಬಂದ ಪತ್ರಗಳಲ್ಲಿ ಹೆಚ್ಚಿನವು ಅದಕ್ಕಿಂತ ಕಠಿಣವಾದ ಪ್ರಶ್ನೆಯನ್ನು ಕೇಳಿವೆ. ಹೋದವರು ಅಲ್ಲಿಯೇ ಜೀವ ಕಳೆದುಕೊಂಡರೆ, ಅಥವಾ ಇನ್ನೊಬ್ಬರ ಜೀವ ಹೋಗಲು ಕಾರಣರಾದರೆ, ಹಿಂದೆ ಉಳಿದ ಮನೆಯವರು ಏನು ಮಾಡಬೇಕು? ಅವುಗಳಲ್ಲಿ ನಾಲ್ಕು ಪತ್ರಗಳಿಗೆ ಈ ಸಲ ಉತ್ತರಿಸುತ್ತಿದ್ದೇನೆ. ಬರೆದವರ ಗುರುತು ಸಿಗದಂತೆ ಹೆಸರುಗಳನ್ನು ತೆಗೆದು, ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಪ್ರಶ್ನೆ: ಅಕ್ಕೋರಿಗೆ ನಮಸ್ಕಾರಗಳು. ನಮ್ಮದು ಶಿರಸಿ ತಾಲೂಕಿನ ಒಂದು ಹಳ್ಳಿಯಲ್ಲಿ ಎರಡು ಎಕರೆ ಅಡಿಕೆ ತೋಟದ ಮನೆ. ನನ್ನ ಅಣ್ಣ ಒಬ್ಬ ಗುರುವಿನ ಶಿಬಿರಕ್ಕೆಂದು ಹೋದವನು ಅಲ್ಲಿಯೇ ಉಳಿದುಬಿಟ್ಟ. ಕೆಲವು ವರ್ಷಗಳ ಹಿಂದೆ ಅಲ್ಲಿ ಒಬ್ಬ ಹುಡುಗನ ದೋಷ ಕಳೆಯುತ್ತೇವೆಂದು ಅವನನ್ನು ಮೂರು ದಿನ ಕೋಣೆಯಲ್ಲಿ ಕೂಡಿಹಾಕಿ, ನೀರೂ ಕೊಡದೆ ಹೊಡೆದರು. ಹುಡುಗ ಸತ್ತುಹೋದ. ಅಣ್ಣ ಹೊಡೆಯಲಿಲ್ಲ, ಬಾಗಿಲು ಕಾದ. ಅದಕ್ಕೆ ಶಿಕ್ಷೆಯಾಗಿ, ಮುಗಿಸಿಕೊಂಡು ಕಳೆದ ದೀಪಾವಳಿಯ ಹೊತ್ತಿಗೆ ಮನೆಗೆ ಬಂದಿದ್ದಾನೆ. ಗುರುವಿನ ಮೇಲಿನ ಮೊಕದ್ದಮೆ ಮೇಲಿನ ಕೋರ್ಟಿನಲ್ಲಿ ಇನ್ನೂ ನಡೆಯುತ್ತಿದೆ. ಅಣ್ಣ ಈಗ ಮನೆಯ ಯಾವ ಬಾಗಿಲಿಗೂ ಚಿಲಕ ಹಾಕಲು ಬಿಡುವುದಿಲ್ಲ. ನಾವು ಮಲಗಿದ ಮೇಲೆ ಎದ್ದು ಬಂದು ಕೊಟ್ಟಿಗೆಯ ಬಾಗಿಲ ಚಿಲಕವನ್ನೂ ಸರಿಸಿ ಹೋಗುತ್ತಾನೆ. ಆಯಿ ಜಗುಲಿಯಲ್ಲಿ ಕೂತೇ ಬೆಳಗು ಮಾಡುತ್ತಾಳೆ. ಊರಲ್ಲಿ ನಮ್ಮನ್ನು ಹನ್ನೆರಡನೆಯ ದಿನದ ಊಟಕ್ಕೂ ಕರೆಯುವುದಿಲ್ಲ, ಕೊನೆಕೊಯ್ಲಿಗೆ ಆಳುಗಳೂ ಬರುವುದಿಲ್ಲ. ಸತ್ತ ಹುಡುಗನ ತಾಯಿ ಕುಮಟಾ ಕಡೆಯವರು. ಆಯಿಯನ್ನು ಕರೆದುಕೊಂಡು ಹೋಗಿ ಅವರ ಕಾಲಿಗೆ ಬಿದ್ದು ಕ್ಷಮೆ ಕೇಳಬೇಕೆಂದು ಮಾಡಿದ್ದೇನೆ. ಅವರು ಮನ್ನಿಸಿದೆ ಎಂದರೆ ಆಯಿಗೆ ಒಂದು ರಾತ್ರಿಯ ನಿದ್ದೆಯಾದರೂ ಬಂದೀತು. ಹೋಗಬಹುದೇ?

ಉತ್ತರ: ತಂಗಿ, ನಿಮ್ಮ ಪತ್ರವನ್ನು ಓದಿ ಒಂದು ವಾರ ಹಾಗೆಯೇ ಇಟ್ಟುಕೊಂಡಿದ್ದೆ, ಅವಸರದಲ್ಲಿ ಉತ್ತರಿಸುವ ಪತ್ರ ಅದಾಗಿರಲಿಲ್ಲ. ನಿಮ್ಮ ಮನೆಯಲ್ಲಿ ಇರುವುದೂ ದುಃಖವೇ ಎಂಬ ಮಾತನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಇದನ್ನು ನಿಮಗೆ ಬೇರೆ ಯಾರೂ ಹೇಳಿರಲಾರರು. ಸಾವಾದ ಮನೆಗೆ ಹತ್ತು ದಿನದ ಸೂತಕವೆಂಬ ಲೆಕ್ಕವಿದೆ, ಬಂದು ಮಾತಾಡಿಸುವ ನೆಂಟರಿದ್ದಾರೆ, ಹನ್ನೊಂದು ಹನ್ನೆರಡನೆಯ ದಿನಗಳಿಗೆ ಒಂದು ಕ್ರಮವಿದೆ. ತನ್ನ ಮಗ ಇನ್ನೊಬ್ಬಳ ಮಗನ ಸಾವಿಗೆ ಕಾರಣನಾದ ಎಂದು ಅಳುವ ತಾಯಿಗೆ ಇವು ಯಾವುವೂ ಇಲ್ಲ. ಬಾಗಿಲು ಕಾದವನು ನಿಮ್ಮ ಅಣ್ಣ; ನೀವೂ ಕಾಯಲಿಲ್ಲ, ನಿಮ್ಮ ಆಯಿಯೂ ಕಾಯಲಿಲ್ಲ. ನಿಮ್ಮ ತೋಟದ ಅಡಿಕೆಯನ್ನು ಮರದಲ್ಲಿಯೇ ಉದುರಲು ಬಿಟ್ಟರೆ ಸತ್ತ ಹುಡುಗನಿಗೆ ಯಾವ ನ್ಯಾಯವೂ ಸಿಕ್ಕಂತಾಗುವುದಿಲ್ಲ, ಇದನ್ನು ನಿಮ್ಮ ಊರಿನವರು ಓದಲಿ ಎಂದೇ ಬರೆಯುತ್ತಿದ್ದೇನೆ.

ಆದರೂ ನಿಮ್ಮ ಪ್ರಶ್ನೆಗೆ ನನ್ನ ಉತ್ತರ, ಈಗ ಹೋಗಬೇಡಿ ಎಂಬುದೇ. ಆಯಿಯನ್ನು ಕರೆದುಕೊಂಡಂತೂ ಹೋಗಲೇಬೇಡಿ. ಕಾರಣ ನಿಮ್ಮ ಪತ್ರದ ಕೊನೆಯಲ್ಲಿಯೇ ಇದೆ. ಅವರು ಮನ್ನಿಸಿದರೆ ಆಯಿಗೆ ನಿದ್ದೆ ಬಂದೀತು ಎಂದಿದ್ದೀರಿ. ಹಾಗಾದರೆ ಮಗನನ್ನು ಕಳೆದುಕೊಂಡ ತಾಯಿಯ ಮನೆಗೆ ಹೋಗಿ ನೀವು ಬೇಡಲು ಹೊರಟಿರುವುದು ನಿಮ್ಮ ತಾಯಿಯ ನಿದ್ದೆಯನ್ನು. ಕಾಲಿಗೆ ಬಿದ್ದ ಮುದುಕಿಯನ್ನು ಎತ್ತದೆ ಸುಮ್ಮನೆ ನಿಂತಿರಲು ನಮ್ಮ ಕಡೆಯ ಯಾವ ಹೆಂಗಸಿಗೂ ಸಾಧ್ಯವಿಲ್ಲ. ಅವರು ಎತ್ತುತ್ತಾರೆ, ‘ಆಯ್ತು, ಏಳಿ’ ಎನ್ನುತ್ತಾರೆ, ದೂರದಿಂದ ಬಂದವರೆಂದು ಚಹಾ ಮಾಡಿಕೊಡಲೂಬಹುದು. ನೀವು ಎದೆಯ ಭಾರ ಇಳಿಸಿಕೊಂಡು ದೇವಿಮನೆ ಘಟ್ಟ ಹತ್ತಿ ಮನೆಗೆ ಬರುತ್ತೀರಿ. ಆ ರಾತ್ರಿ ಅವರ ಮನೆಯಲ್ಲಿ ಏನಾಗುತ್ತದೆ ಎಂದು ಯೋಚಿಸಿ ನೋಡಿ. ತನ್ನ ಬಾಯಿಂದ ಆ ಮಾತು ಹೇಗೆ ಹೊರಟಿತು, ಮಗನ ಸಾವನ್ನು ಒಂದು ಲೋಟ ಚಹಾದೊಂದಿಗೆ ತೀರಿಸಿಬಿಟ್ಟೆನೇ ಎಂದು ಅವರು ತಮ್ಮನ್ನೇ ಹಳಿದುಕೊಳ್ಳುತ್ತ ಕೂರಬೇಕಾಗುತ್ತದೆ. ಒಂದು ಮನೆಯ ನಿದ್ದೆ ಇನ್ನೊಂದು ಮನೆಗೆ ಹೋದಂತಾಯಿತೇ ಹೊರತು ಬೇರೇನೂ ಆಗಲಿಲ್ಲ.

ತಾಳಮದ್ದಲೆ ಕೇಳಿ ಬೆಳೆದ ನಮ್ಮ ಸೀಮೆಯವರಿಗೆ ಅಶ್ವತ್ಥಾಮನ ಕಥೆ ಗೊತ್ತಿದೆ. ನಿದ್ದೆಯಲ್ಲಿದ್ದ ಐವರು ಮಕ್ಕಳನ್ನು ಕೊಂದವನನ್ನು ಅರ್ಜುನ ಕಟ್ಟಿ ತಂದು ಎದುರಿಗೆ ನಿಲ್ಲಿಸಿದಾಗ, ನಾನು ಅಳುವಂತೆ ಇವನ ತಾಯಿಯೂ ಅಳುವುದು ಬೇಡ ಎಂದು ದ್ರೌಪದಿ ಅವನನ್ನು ಬಿಡಿಸುತ್ತಾಳೆ ಎಂದು ಭಾಗವತ ಹೇಳುತ್ತದೆ. ಈ ಕಥೆಯನ್ನು ಕ್ಷಮೆಯ ಹಿರಿಮೆಗೆಂದು ಹೇಳುವವರು ಎರಡು ಸಂಗತಿಗಳನ್ನು ಮರೆಯುತ್ತಾರೆ. ಅಶ್ವತ್ಥಾಮನ ತಾಯಿ ಕೃಪಿಯನ್ನು ಯಾರೂ ದ್ರೌಪದಿಯ ಬಿಡಾರಕ್ಕೆ ಕಳಿಸಿಕೊಟ್ಟಿರಲಿಲ್ಲ. ಇನ್ನೊಬ್ಬ ತಾಯಿಯ ನೆನಪು ದ್ರೌಪದಿಗೆ ತಾನಾಗಿ ಬಂತು. ಮತ್ತೆ, ಪ್ರಾಣ ಉಳಿದರೂ ಅಶ್ವತ್ಥಾಮನ ತಲೆಯ ಮಣಿ ಉಳಿಯಲಿಲ್ಲ. ಮನ್ನಿಸಿದ ಮೇಲೂ ಮಾಡಿದ್ದರ ಗುರುತು ಮಾಡಿದವನ ಮೇಲೆ ಉಳಿದೇ ಉಳಿಯಿತು.

ಹಾಗಾದರೆ ಏನೂ ಮಾಡದೆ ಇರಬೇಕೇ ಎಂದು ಕೇಳುತ್ತೀರಿ. ಮಾಡಬೇಕಾದದ್ದು ಇದೆ, ಆದರೆ ಅದನ್ನು ಮಾಡಬೇಕಾದವನು ನಿಮ್ಮ ಅಣ್ಣ. ಜಪಾನಿನ ಓಮ್ ಶಿನ್ರಿಕ್ಯೊ ಎಂಬ ಪಂಥದವರು 1994ರ ಜೂನ್ 27ರ ರಾತ್ರಿ ಮಾತ್ಸುಮೊಟೊ ಎಂಬ ಊರಿನಲ್ಲಿ ಸರಿನ್ ಎಂಬ ವಿಷಾನಿಲವನ್ನು ಹರಡಿದರು. ತಮ್ಮ ಮೇಲಿನ ಜಮೀನು ವ್ಯಾಜ್ಯವನ್ನು ನಡೆಸುತ್ತಿದ್ದ ನ್ಯಾಯಾಧೀಶರು ಆ ಕೇರಿಯಲ್ಲಿದ್ದರು ಎಂಬುದೇ ಕಾರಣ. ಅಲ್ಲಿಯೇ ವಾಸವಾಗಿದ್ದ ಯೊಶಿಯುಕಿ ಕೋನೊ ಎಂಬವರ ಹೆಂಡತಿ ಪ್ರಜ್ಞೆ ತಪ್ಪಿ ಬಿದ್ದವರು ಮತ್ತೆ ಏಳಲಿಲ್ಲ. ಕೋನೊ ಅವರ ಮನೆಯಲ್ಲಿ ಕೆಲವು ರಾಸಾಯನಿಕಗಳು ಸಿಕ್ಕವೆಂದು ಪೊಲೀಸರು ಅವರನ್ನೇ ಶಂಕಿಸಿದರು, ಪತ್ರಿಕೆಗಳು ಅವರನ್ನೇ ಅಪರಾಧಿಯಂತೆ ಚಿತ್ರಿಸಿದವು. ಮರುವರ್ಷ ಪಂಥದ ಕೃತ್ಯ ಬಯಲಾದ ಮೇಲೆ ಎಲ್ಲರೂ ಅವರಲ್ಲಿ ಕ್ಷಮೆ ಕೇಳಬೇಕಾಯಿತು. ಆ ವಿಷ ಹರಡಿದ ವಾಹನವನ್ನು ಸಿದ್ಧಪಡಿಸಲು ನೆರವಾಗಿದ್ದ ಒಬ್ಬ ಮಾಜಿ ಸದಸ್ಯ ಶಿಕ್ಷೆ ಮುಗಿಸಿದ ಮೇಲೆ ಕೋನೊ ಅವರ ಮನೆಗೆ ಬಂದ, ಅವರ ತೋಟದ ಗಿಡಮರಗಳನ್ನು ಸವರಿಕೊಟ್ಟ, ಬರುತ್ತಲೇ ಇದ್ದ. ಅವರಿಬ್ಬರ ನಡುವೆ ಸ್ನೇಹ ಬೆಳೆಯಿತು. ಮಾಡಿದವನು ತಾನೇ ಬಂದ ಎಂಬುದನ್ನು ಗಮನಿಸಿ. ಅವನ ತಂಗಿಯೋ ತಾಯಿಯೋ ಬಂದದ್ದಲ್ಲ. ಹದಿನಾಲ್ಕು ವರ್ಷ ಪ್ರಜ್ಞೆಯಿಲ್ಲದೆ ಮಲಗಿದ್ದ ಕೋನೊ ಅವರ ಹೆಂಡತಿ 2008ರಲ್ಲಿ ತೀರಿಕೊಂಡರು.

ನಿಮ್ಮ ಅಣ್ಣನ ಬಳಿ ಬೇರೆ ಯಾರ ಬಳಿಯೂ ಇಲ್ಲದ ಒಂದು ವಸ್ತುವಿದೆ. ಆ ಮೂರು ದಿನ ಬಾಗಿಲಿನ ಆಚೆ ಏನಾಯಿತು ಎಂಬುದು ಅವನಿಗೆ ಗೊತ್ತು. ಹುಡುಗ ನೀರು ಕೇಳಿದನೇ, ಯಾರ ಹೆಸರು ಹಿಡಿದು ಕರೆದ, ಯಾವ ಹೊತ್ತಿಗೆ ದನಿ ನಿಂತಿತು, ಚಿಲಕ ತೆಗೆಯಬೇಡ ಎಂದು ಹೇಳಿದವರು ಯಾರು. ಕೋರ್ಟಿನಲ್ಲಿ ಇದರ ಒಂದಿಷ್ಟು ಬಂದಿರುತ್ತದೆ, ಆದರೆ ಕೋರ್ಟಿಗೆ ಬೇಕಾದದ್ದೂ ತಾಯಿಗೆ ಬೇಕಾದದ್ದೂ ಒಂದೇ ಅಲ್ಲ. ಅದೇ ಜಪಾನಿನಲ್ಲಿ, ಆ ಪಂಥದ ವಿರುದ್ಧ ನಿಂತಿದ್ದ ಸಾಕಾಮೊಟೊ ಎಂಬ ವಕೀಲರನ್ನು, ಅವರ ಹೆಂಡತಿ ಮತ್ತು ವರ್ಷ ತುಂಬಿದ್ದ ಮಗುವಿನೊಂದಿಗೆ 1989ರಲ್ಲಿ ಕೊಂದು ಮೂರು ಬೇರೆ ಬೇರೆ ಕಡೆ ಹೂತಿದ್ದರು. ಕೊಂದವರು ಬಾಯಿಬಿಟ್ಟ ಮೇಲೆಯೇ, 1995ರಲ್ಲಿ, ಆ ದೇಹಗಳು ಸಿಕ್ಕವು. ಅಲ್ಲಿಯವರೆಗೆ ಮನೆಯವರು ಅವರು ಬದುಕಿದ್ದಾರೆಂಬ ಆಸೆಯಲ್ಲಿಯೇ ಆರು ವರ್ಷ ಕಳೆದಿದ್ದರು. ಕಾಯುವುದೆಂದರೆ ಏನು ಎಂದು ನಮ್ಮ ಜಿಲ್ಲೆಗೂ ಗೊತ್ತು. 2024ರ ಜುಲೈ 16ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಕೆಲವರು ಹೊಳೆಯ ಪಾಲಾದಾಗ, ಗಂಗಾವಳಿಯ ದಡದಲ್ಲಿ ಮನೆಯವರು ವಾರಗಟ್ಟಲೆ ನಿಂತು ನೀರು ನೋಡುತ್ತಿದ್ದರು. ಲಾರಿ ಚಾಲಕರೊಬ್ಬರ ದೇಹ ಸಿಕ್ಕಿದ್ದು ಸೆಪ್ಟೆಂಬರ್ ಕೊನೆಗೆ. ಅಷ್ಟಾದರೂ ಸಿಕ್ಕಿತಲ್ಲ ಎಂದು ಜನ ನಿಟ್ಟುಸಿರು ಬಿಟ್ಟದ್ದು ನನಗೆ ನೆನಪಿದೆ.

ಆದ್ದರಿಂದ ನಿಮ್ಮ ಅಣ್ಣ ತನಗೆ ಗೊತ್ತಿರುವುದನ್ನೆಲ್ಲ ತನ್ನ ಕೈಯಾರೆ ಬರೆಯಲಿ. ‘ನನಗೆ ಹೇಳಿದ್ದರು, ಅದಕ್ಕೇ ಮಾಡಿದೆ’ ಎಂಬ ಸಾಲು ಬಂದಲ್ಲೆಲ್ಲ ಅದನ್ನು ಹೊಡೆದುಹಾಕಿ ‘ನಾನು ಮಾಡಿದೆ’ ಎಂದು ಬರೆಯುವಂತೆ ನೀವು ಪಕ್ಕದಲ್ಲಿ ಕೂತು ಹೇಳಿ. ಮೇಲಿನ ಕೋರ್ಟಿನಲ್ಲಿ ಮೊಕದ್ದಮೆ ಇರುವುದರಿಂದ ಬರೆದದ್ದನ್ನು ಯಾರಿಗೂ ಕೊಡುವ ಮೊದಲು ಒಬ್ಬ ವಕೀಲರಿಗೆ ತೋರಿಸಬೇಕು. ಆಮೇಲೆ ಎರಡೂ ಮನೆಗೆ ಬೇಕಾದ ಒಬ್ಬರ ಮೂಲಕ ಆ ತಾಯಿಗೆ ಇಷ್ಟೇ ಹೇಳಿಕಳಿಸಿ: ಹೀಗೊಂದು ಬರಹವಿದೆ, ನಿಮಗೆ ಬೇಕಾದ ದಿನ ತಲುಪಿಸುತ್ತೇವೆ, ಬೇಡವಾದರೆ ಮತ್ತೆ ಕೇಳುವುದಿಲ್ಲ. ಕ್ಷಮೆ ಎಂಬ ಮಾತನ್ನು ಅದರಲ್ಲಿ ಸೇರಿಸಬೇಡಿ. ಹಣ್ಣುಹಂಪಲು, ಹಣ ಏನನ್ನೂ ಕಳಿಸಬೇಡಿ. ಹುಡುಗನ ತಿಥಿಯ ದಿನಗಳ ಹತ್ತಿರ ಈ ಕೆಲಸ ಮಾಡಬೇಡಿ. ಅವರು ಒಂದು ವರ್ಷ ಉತ್ತರಿಸದೆ ಇರಬಹುದು, ಎಂದೂ ಉತ್ತರಿಸದೆಯೂ ಇರಬಹುದು. ಹಾಗಾದರೆ ಅವರು ನಿಮಗೆ ಅನ್ಯಾಯ ಮಾಡಿದಂತೆ ಖಂಡಿತ ಅಲ್ಲ.

ಆಯಿಯ ನಿದ್ದೆಗೆ ಮತ್ತು ಅಣ್ಣನ ಚಿಲಕಕ್ಕೆ ವೈದ್ಯರು ಬೇಕು. ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಸಿಗುವ ಮನೋಚೈತನ್ಯ ಎಂಬ ಸರ್ಕಾರಿ ಕಾರ್ಯಕ್ರಮವಿದೆ, ಶಿರಸಿಯಲ್ಲಿ ವಿಚಾರಿಸಿ. ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಿ ಕರೆ ಮಾಡಿದರೂ ಕನ್ನಡದಲ್ಲಿ ಮಾತಾಡಬಹುದು, ಹಣ ಕೊಡಬೇಕಾಗಿಲ್ಲ. ಅಲ್ಲಿಯವರೆಗೆ ರಾತ್ರಿ ಚಿಲಕ ಸರಿಸಿದ್ದಕ್ಕೆ ಅವನನ್ನು ಗದರಬೇಡಿ.

ಪ್ರಶ್ನೆ: ಅಕ್ಕೋರೆ, ನಾನು ಕಾರವಾರದವನು, ಮೀನು ದೋಣಿಗಳ ಎಂಜಿನ್ ರಿಪೇರಿ ಮಾಡುತ್ತೇನೆ. ನನ್ನ ತಂಗಿ ಮಕ್ಕಳಾಗಲಿಲ್ಲವೆಂಬ ಕೊರಗಿನಲ್ಲಿ ಒಂದು ಗುಂಪಿನವರ ಜೊತೆ ಸೇರಿ, ಅವರು ಹೇಳಿದಂತೆ ಉಪವಾಸ ಕೂತು ಅಲ್ಲಿಯೇ ಸತ್ತಳು. ಕೊನೆಕೊನೆಗೆ ಎದ್ದು ಬರಲು ನೋಡಿದಾಗ ತಡೆದರೆಂದು ಅಲ್ಲಿದ್ದ ಒಬ್ಬರು ಆಮೇಲೆ ಹೇಳಿದರು. ಮನೆಗೆ ತಂದ ದಿನ ಅವಳ ಬಳೆಗಳನ್ನೇ ಅವಳ ಕೈಗೆ ತೊಡಿಸಿದರೆ ಮೊಣಕೈವರೆಗೆ ಜಾರಿದವು. ಬಾವ ಅವರನ್ನೆಲ್ಲ ಕ್ಷಮಿಸಿದ್ದೇನೆ ಎನ್ನುತ್ತಾನೆ. ನೀನೂ ಕ್ಷಮಿಸು, ಮನಸ್ಸು ಹಗುರಾಗುತ್ತದೆ, ಅವಳ ಆತ್ಮಕ್ಕೂ ಶಾಂತಿ ಸಿಗುತ್ತದೆ ಎಂದು ಹಟ ಹಿಡಿದಿದ್ದಾನೆ. ಅವಳೇ ಒಪ್ಪಿ ಕೂತವಳಲ್ಲವೇ ಎಂದು ನೆಂಟರು ಹೇಳುತ್ತಾರೆ. ನನ್ನಿಂದ ಆಗುತ್ತಿಲ್ಲ. ನನ್ನದು ಪಾಪವೇ?

ಉತ್ತರ: ತಮ್ಮಾ, ಪಾಪವಲ್ಲ. ನಿಮ್ಮ ತಂಗಿಯ ಶಾಂತಿಯನ್ನು ನಿಮ್ಮ ಸಿಟ್ಟಿಗೆ ಕಟ್ಟಿಹಾಕುವ ಹಕ್ಕು ಬಾವನಿಗೂ ಇಲ್ಲ, ನನಗೂ ಇಲ್ಲ. ಇಲ್ಲಿ ನಾನು ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ವರ್ಷಗಳ ಹಿಂದೆ ಇದೇ ಅಂಕಣದಲ್ಲಿ, ತಂದೆಯ ಸಾವಿಗೆ ಕಾರಣರಾದವರನ್ನು ಹೇಗೆ ಎದುರಿಸಲಿ ಎಂದು ಕೇಳಿದ್ದ ಹುಡುಗಿಯೊಬ್ಬಳಿಗೆ, ಹೊಟ್ಟೆಗೆ ಹಾಕಿಕೊಳ್ಳಿ, ನಿಮಗೇ ಹಗುರಾಗುತ್ತದೆ ಎಂದು ಬರೆದುಬಿಟ್ಟಿದ್ದೆ. ಅವಳು ಮತ್ತೆ ಬರೆಯಲಿಲ್ಲ. ಆ ಉತ್ತರವನ್ನು ನಾನು ಇಂದಿಗೂ ನೊಂದುಕೊಂಡು ನೆನೆಯುತ್ತೇನೆ. ಹೊಟ್ಟೆಗೆ ಹಾಕಿಕೊಳ್ಳುವುದು ಎಂಬ ಮಾತು ನಮ್ಮ ನಾಲಿಗೆಯ ಮೇಲೆ ಸದಾ ಇರುತ್ತದೆ. ಹಸಿವಿನಿಂದ ಸತ್ತವಳ ಅಣ್ಣನ ಕಿವಿಗೆ ಅದು ಹೇಗೆ ಬೀಳುತ್ತದೆ ಎಂದು ಹೇಳುವವರು ಯೋಚಿಸುವುದಿಲ್ಲ.

ಒಪ್ಪಿ ಕೂತವಳಲ್ಲವೇ ಎಂಬ ಮಾತಿಗೆ ಮೊದಲು ಉತ್ತರಿಸುತ್ತೇನೆ. ಕೆನ್ಯಾ ದೇಶದ ಶಾಕಾಹೋಲಾ ಎಂಬ ಕಾಡಿನಲ್ಲಿ, ಹಸಿದು ಸತ್ತರೆ ಯೇಸುವನ್ನು ಕಾಣಬಹುದು ಎಂಬ ಬೋಧನೆಯನ್ನು ನಂಬಿ ಸತ್ತವರ ಗುಂಡಿಗಳನ್ನು 2023ರ ಏಪ್ರಿಲ್‌ನಿಂದ ಅಗೆಯತೊಡಗಿದರು. 400ಕ್ಕೂ ಹೆಚ್ಚು ಶವಗಳು ಸಿಕ್ಕವು, ಅವುಗಳಲ್ಲಿ ಮಕ್ಕಳವೂ ಇದ್ದವು. ಮಗು ಯಾವ ಉಪವಾಸಕ್ಕೆ ಒಪ್ಪಿತ್ತು? ದೊಡ್ಡವರ ಒಪ್ಪಿಗೆಯೂ, ಮನೆಯವರಿಂದ ದೂರಮಾಡಿ, ಒಂದೇ ದನಿಯನ್ನು ಹಗಲೂ ರಾತ್ರಿ ಕೇಳಿಸಿ, ಅನುಮಾನ ಬಂದರೆ ಅದನ್ನೇ ಪಾಪವೆಂದು ಹೇಳಿ ಪಡೆದ ಒಪ್ಪಿಗೆ. ಮೇಲಾಗಿ ನಿಮ್ಮ ತಂಗಿ ಕೊನೆಗೆ ಎದ್ದು ಬರಲು ನೋಡಿದ್ದಳು. ಕೂತದ್ದು ಅವಳ ಒಪ್ಪಿಗೆಯಾದರೆ ಏಳಲು ಹೊರಟದ್ದೂ ಅವಳ ಒಪ್ಪಿಗೆಯೇ. ಅದನ್ನು ತಡೆದವರ ಬಗ್ಗೆ ನೆಂಟರು ಯಾಕೆ ಮಾತಾಡುವುದಿಲ್ಲ?

ಬಾವನ ವಿಷಯ ಬೇರೆ. ಅವನು ಕ್ಷಮಿಸಿದ್ದರೆ ಅದು ಅವನ ದುಃಖದ ದಾರಿ, ಅದರಲ್ಲಿ ಕಪಟವಿದೆ ಎಂದು ನಾನು ಹೇಳಲಾರೆ. ಒಂದೇ ಪಂಥದಿಂದ ನೊಂದವರು ಒಂದೇ ರೀತಿ ನಡೆಯಬೇಕೆಂದಿಲ್ಲ. ಹಿಂದಿನ ಉತ್ತರದಲ್ಲಿ ಹೇಳಿದ ಓಮ್ ಪಂಥದವರು 1995ರ ಮಾರ್ಚ್ 20ರ ಬೆಳಿಗ್ಗೆ ಟೋಕಿಯೊದ ಸುರಂಗ ರೈಲುಗಳಲ್ಲಿ ಅದೇ ವಿಷವನ್ನು ಹರಡಿದಾಗ ಕಾಸುಮಿಗಾಸೆಕಿ ನಿಲ್ದಾಣದ ಸಹಾಯಕ ಸ್ಟೇಷನ್ ಮಾಸ್ಟರ್, ರೈಲಿನಲ್ಲಿದ್ದ ವಿಷದ ಪೊಟ್ಟಣವನ್ನು ತೆಗೆದು ಹೊರಗೆ ಹಾಕಲು ಹೋಗಿ ಸತ್ತರು. ಅವರ ಹೆಂಡತಿ ಶಿಜುಯೆ ತಾಕಾಹಾಶಿ ನೊಂದವರ ಸಂಘವನ್ನು ಮುನ್ನಡೆಸಿದರು, ವರ್ಷಗಟ್ಟಲೆ ಕೋರ್ಟಿನಲ್ಲಿ ಕೂತು ವಿಚಾರಣೆ ಕೇಳಿದರು. ಕೋನೊ ಅವರು ಮಾಜಿ ಸದಸ್ಯನನ್ನು ತಮ್ಮ ತೋಟದೊಳಗೆ ಬಿಟ್ಟುಕೊಂಡರು. ತಾಕಾಹಾಶಿ ಉತ್ತರ ಕೇಳುತ್ತಲೇ ಇದ್ದರು. ಇವರಲ್ಲಿ ಒಬ್ಬರು ದೊಡ್ಡವರು, ಇನ್ನೊಬ್ಬರು ಸಣ್ಣವರು ಎಂದು ಯಾರು ತೂಗಿ ಹೇಳಬಲ್ಲರು? ಅದೇ ದಾಳಿಯಲ್ಲಿ ಹಾಸಿಗೆ ಹಿಡಿದ ಒಬ್ಬ ಹೆಂಗಸನ್ನು ಅವಳ ಅಣ್ಣನ ಮನೆಯವರು ಇಪ್ಪತ್ತೈದು ವರ್ಷ ನೋಡಿಕೊಂಡರು. 2020ರಲ್ಲಿ ಅವಳು ತೀರಿಕೊಂಡಾಗ ಆ ದಾಳಿಯಲ್ಲಿ ಸತ್ತವರ ಸಂಖ್ಯೆ 14 ಆಯಿತು. ಆ ಅಣ್ಣನ ಬಳಿ ಹೋಗಿ ಮನಸ್ಸು ಹಗುರ ಮಾಡಿಕೊ ಎಂದು ಹೇಳುವ ಧೈರ್ಯ ನನಗಿಲ್ಲ.

ಓಮ್ ಪಂಥದ ಗುರು ಶೋಕೊ ಅಸಹರ ಎಂಬವನು ವಿಚಾರಣೆಯ ಉದ್ದಕ್ಕೂ ಅರ್ಥವಾಗದ ಮಾತುಗಳನ್ನು ಗೊಣಗಿದನೇ ಹೊರತು ಏಕೆ ಮಾಡಿದೆ ಎಂದು ಹೇಳಲಿಲ್ಲ. 2004ರಲ್ಲಿ ಮರಣದಂಡನೆಯ ತೀರ್ಪು ಬಂತು, 2018ರ ಜುಲೈನಲ್ಲಿ ಅವನನ್ನೂ ಅವನ ಹನ್ನೆರಡು ಮಂದಿ ಶಿಷ್ಯರನ್ನೂ ಗಲ್ಲಿಗೇರಿಸಿದರು. ಆ ಶಿಷ್ಯರಿಂದ ಇನ್ನೂ ಕೇಳಬೇಕಾದದ್ದಿತ್ತು ಎಂಬ ಕೊರಗನ್ನು ತಾಕಾಹಾಶಿ ಆಮೇಲೂ ಹೇಳಿಕೊಂಡರು. ನಿಮ್ಮೊಳಗೆ ಸುಡುತ್ತಿರುವುದೂ ಇದೇ ಎಂದು ನನಗನ್ನಿಸುತ್ತದೆ. ಏನಾಯಿತು ಎಂದು ಪೂರ್ತಿ ಗೊತ್ತಾಗದೆ ಇರುವಾಗ ಯಾವುದನ್ನು ಕ್ಷಮಿಸುವುದು? ತಡೆದರು ಎಂದು ಹೇಳಿದ ಆ ಒಬ್ಬರು ಸಿಕ್ಕರೆ, ಅವರು ಅದನ್ನು ಪೊಲೀಸರ ಮುಂದೆಯೂ ಹೇಳುವರೇ ಎಂದು ಸಮಾಧಾನವಾಗಿ ಕೇಳಿ ನೋಡಿ. ಬಾವನಿಗೆ, ನಿನ್ನ ಕ್ಷಮೆ ನಿನಗಿರಲಿ, ನನ್ನನ್ನು ಅವಸರ ಮಾಡಬೇಡ ಎಂದು ಒಂದು ಸಲ ಸ್ಪಷ್ಟವಾಗಿ ಹೇಳಿ, ಆಮೇಲೆ ಅವನೊಂದಿಗೆ ಬೇರೆ ವಿಷಯ ಮಾತಾಡಿ. ಅವಳು ಚಿಕ್ಕವಳಿದ್ದಾಗ ಏನು ಮಾಡುತ್ತಿದ್ದಳು ಎಂಬುದು ಅವನಿಗೆ ಗೊತ್ತಿಲ್ಲ, ಸಂಸಾರದಲ್ಲಿ ಹೇಗಿದ್ದಳು ಎಂಬುದು ನಿಮಗೆ ಗೊತ್ತಿಲ್ಲ. ಆ ಬಳೆಗಳು ಈಗ ಯಾರ ಬಳಿ ಇವೆ ಎಂದು ನೀವು ಬರೆದಿಲ್ಲ. ನಿಮ್ಮ ಬಳಿ ಇದ್ದರೆ ಇಟ್ಟುಕೊಳ್ಳಿ, ಸಮುದ್ರಕ್ಕೆ ಬಿಟ್ಟುಬಿಡು ಎಂದು ಯಾರಾದರೂ ಹೇಳಿದರೆ ಕೇಳಬೇಡಿ.

ಪ್ರಶ್ನೆ: ನನ್ನ ಗಂಡ ಇಂಥದೇ ಒಂದು ಗುಂಪಿನವರ ಹೊಡೆತದಿಂದ ಸತ್ತರು. ಸರ್ಕಾರದಿಂದ ಪರಿಹಾರ ಸಿಗುತ್ತದೆಯೇ? ಪರಿಹಾರ ತೆಗೆದುಕೊಂಡರೆ ಅವರನ್ನು ಕ್ಷಮಿಸಿ ರಾಜಿಯಾದಂತೆ, ಗಂಡನ ಸಾವನ್ನು ಮಾರಿದಂತೆ ಎಂದು ಮಾವನವರು ಹೇಳುತ್ತಾರೆ. ಹೊನ್ನಾವರದಿಂದ ಒಬ್ಬ ಓದುಗಳು.

ಉತ್ತರ: ಅಮ್ಮಾ, ಎರಡಕ್ಕೂ ಸಂಬಂಧವಿಲ್ಲ. ಪರಿಹಾರ ಕೊಡುವುದು ಸರ್ಕಾರ, ಕೊಂದವರಲ್ಲ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 357ಎ ಕಲಂ ಇದ್ದದ್ದು 2024ರ ಜುಲೈಯಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 396ನೇ ಕಲಂ ಆಗಿದೆ. ಅದರಂತೆ ನೊಂದವರು ಮತ್ತು ಅವರನ್ನು ಅವಲಂಬಿಸಿದವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ಅದರ ಕಚೇರಿ ಕಾರವಾರದ ನ್ಯಾಯಾಲಯದ ಆವರಣದಲ್ಲಿದೆ. ಆರೋಪಿಗಳ ಪತ್ತೆಯೇ ಆಗದಿದ್ದರೂ ಅರ್ಜಿ ಹಾಕಲು ಅವಕಾಶವಿದೆ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಅರ್ಜಿ ಕೊಟ್ಟ ಮಾತ್ರಕ್ಕೆ ಮೊಕದ್ದಮೆ ಸಡಿಲವಾಗುವುದಿಲ್ಲ. ಮಾವನವರಿಗೆ ಇನ್ನೊಂದನ್ನೂ ಹೇಳಿ: ಓಮ್ ಪಂಥದಿಂದ ನೊಂದವರಿಗೆ ಸರ್ಕಾರವೇ ಹಣ ಕೊಡಬೇಕೆಂಬ ಕಾನೂನನ್ನು ಜಪಾನ್ 2008ರಲ್ಲಿ ಮಾಡಿತು, ಅದಕ್ಕಾಗಿ ಹೋರಾಡಿದವರು ಉತ್ತರ ಕೇಳುತ್ತಲೇ ಇದ್ದ ತಾಕಾಹಾಶಿಯಂಥ ಮನೆಯವರೇ.

ಪ್ರಶ್ನೆ: ನಮ್ಮ ಚಿಕ್ಕಪ್ಪ ಒಬ್ಬ ಗುರುವಿನ ಬಲಗೈಯಾಗಿದ್ದರು. ಲೋಕ ಮುಳುಗುತ್ತದೆ ಎಂಬ ಅವನ ಮಾತು ನಂಬಿ ಚಿಕ್ಕಮ್ಮನಿಗೂ ಮಗಳಿಗೂ ವಿಷ ಕೊಟ್ಟು ತಾವೂ ಕುಡಿದರು. ದುರ್ಮರಣವಾದ್ದರಿಂದ ಗೋಕರ್ಣದಲ್ಲಿ ನಾರಾಯಣಬಲಿ ಮಾಡಿಸಬೇಕೆಂದಿದ್ದೇವೆ. ಚಿಕ್ಕಮ್ಮನ ತವರಿನವರು, ಅವಳ ಹೆಸರಿನ ಪಕ್ಕದಲ್ಲಿ ಅವನ ಹೆಸರು ಹೇಳಕೂಡದು ಎಂದು ತಕರಾರು ತೆಗೆದಿದ್ದಾರೆ. ಸತ್ತ ಮೇಲೂ ದ್ವೇಷವೇ? ಅವರಿಗೆ ಹೇಗೆ ತಿಳಿಹೇಳುವುದು? ಯಲ್ಲಾಪುರದಿಂದ.

ಉತ್ತರ: ತಿಳಿಹೇಳಬೇಡಿ. ಅವರ ತಕರಾರಿನಲ್ಲಿ ನನಗೆ ದ್ವೇಷ ಕಾಣುವುದಿಲ್ಲ.

ಈ ಪ್ರಶ್ನೆ ಇನ್ನೂ ದೊಡ್ಡ ಪ್ರಮಾಣದಲ್ಲಿ ಎದ್ದದ್ದು ಅಮೆರಿಕದಲ್ಲಿ. ಜಿಮ್ ಜೋನ್ಸ್ ಎಂಬ ಪಂಥದ ಗುರುವಿನ ಹಿಂದೆ ಅಲ್ಲಿಂದ ಹೋಗಿ ದಕ್ಷಿಣ ಅಮೆರಿಕದ ಗಯಾನಾ ದೇಶದ ಕಾಡಿನಲ್ಲಿ ನೆಲೆಸಿದ್ದವರು 1978ರ ನವೆಂಬರ್ 18ರಂದು ಅವನ ಆಜ್ಞೆಯಂತೆ ಸಯನೈಡ್ ಬೆರೆಸಿದ ಪಾನಕ ಕುಡಿದು ಸತ್ತರು. ಮಕ್ಕಳಿಗೆ ಮೊದಲು ಕುಡಿಸಿದರು. ಹತ್ತಿರದ ವಿಮಾನ ಇಳಿಯುವ ಜಾಗದ ಬಳಿ ಅವನ ಕಡೆಯವರ ಗುಂಡೇಟಿನಿಂದ ಸತ್ತವರೂ ಸೇರಿ ಅಂದು ಸತ್ತವರು 918, ಅವರಲ್ಲಿ ಸುಮಾರು ಮೂರನೆಯ ಒಂದು ಭಾಗ ಮಕ್ಕಳು. ಶವಗಳನ್ನು ತಂದಾಗ ಹಲವು ಸ್ಮಶಾನಗಳು ಬಾಗಿಲು ಮುಚ್ಚಿದವು. ಗುರುತು ಸಿಗದ, ಯಾರೂ ಕೇಳಿಕೊಂಡು ಬರದ 400ಕ್ಕೂ ಹೆಚ್ಚು ದೇಹಗಳನ್ನು ಕೊನೆಗೆ ಓಕ್‌ಲ್ಯಾಂಡಿನ ಎವರ್‌ಗ್ರೀನ್ ಸ್ಮಶಾನದಲ್ಲಿ ಒಟ್ಟಿಗೆ ಮಣ್ಣು ಮಾಡಿದರು. 2011ರಲ್ಲಿ ಅಲ್ಲಿ ನಾಲ್ಕು ಕಲ್ಲಿನ ಹಾಸುಗಳ ಮೇಲೆ ಸತ್ತವರ ಎಲ್ಲ ಹೆಸರುಗಳನ್ನೂ ಕೆತ್ತಿಸಿದಾಗ ಜಿಮ್ ಜೋನ್ಸನ ಹೆಸರೂ ಅದರಲ್ಲಿ ಸೇರಿತು. ಅಂದು ಸತ್ತವರೆಲ್ಲರ ಹೆಸರು ಇರಬೇಕು ಎಂದು ಮಾಡಿಸಿದವರು ವಾದಿಸಿದರು. ನಮ್ಮ ಮಕ್ಕಳ ಹೆಸರಿನ ಜೊತೆ ಅವರನ್ನು ಕೊಂದವನ ಹೆಸರೇ ಎಂದು ಸತ್ತವರ ಕೆಲವು ಬಂಧುಗಳು ಕೋರ್ಟಿಗೂ ಹೋದರು. ಕಲ್ಲು ಹಾಗೆಯೇ ಉಳಿಯಿತು. ಬದುಕುಳಿದವರಲ್ಲಿ ಜೋನ್ಸನ ಮಕ್ಕಳೂ ಇದ್ದರು, ಅವರಿಗೂ ತಂದೆ ಸತ್ತ ದಿನ ಅದೇ. ಆದ್ದರಿಂದ ಹೆಸರು ಸೇರಿಸಿದವರನ್ನು ನಾನು ದೂರುವುದಿಲ್ಲ. ಆದರೆ ಕೋರ್ಟಿಗೆ ಹೋದವರ ಜಾಗದಲ್ಲಿ ನಿಂತು ನೋಡಿದರೆ ನಾನೂ ಆ ಕಲ್ಲಿನ ಬಳಿ ಹೂವಿಡಲು ಹಿಂಜರಿಯುತ್ತಿದ್ದೆ.

ಕಲ್ಲಿಗಿಂತ ನಮ್ಮ ಗೋಕರ್ಣದಲ್ಲಿ ಒಂದು ಅನುಕೂಲವಿದೆ, ಕರ್ಮವನ್ನು ಬೇರೆ ಬೇರೆ ದಿನ ಮಾಡಿಸಬಹುದು. ಚಿಕ್ಕಪ್ಪನಿಗೂ ಮಾಡಿಸಿ; ಎಂಥವನಾದರೂ ಅವನ ಕರ್ಮ ಮಾಡಿಸುವುದು ಅವನ ಮನೆಯವರ ಕೆಲಸ, ಅದನ್ನು ತಪ್ಪಿಸಬೇಕೆಂದು ನಾನು ಹೇಳುವುದಿಲ್ಲ. ಆದರೆ ಚಿಕ್ಕಮ್ಮನದೂ ಮಗಳದೂ ಬೇರೆ ದಿನ ಆಗಲಿ. ದಿನವನ್ನು ತವರಿನವರೇ ನಿಶ್ಚಯಿಸಲಿ, ಅವರು ಕರೆದರೆ ಮಾತ್ರ ನೀವು ಹೋಗಿ, ಕರೆಯದಿದ್ದರೆ ಮನೆಯಲ್ಲಿಯೇ ಎಳ್ಳುನೀರು ಬಿಡಿ. ಯಾವ ವಯಸ್ಸಿನವರಿಗೆ ಯಾವ ವಿಧಿ ಎಂಬುದನ್ನು ಅಲ್ಲಿನ ಭಟ್ಟರು ಹೇಳುತ್ತಾರೆ.

ಇನ್ನೊಂದು ಮಾತು. ಅಚ್ಚಿಗೆ ಕೊಡುವಾಗ ಪತ್ರಗಳಲ್ಲಿದ್ದ ಹೆಸರುಗಳನ್ನೆಲ್ಲ ನಾನು ತೆಗೆದಿದ್ದೇನೆ ಎಂದೆನಲ್ಲ, ನಿಮ್ಮ ಮೂಲ ಪತ್ರದಲ್ಲಿ ಚಿಕ್ಕಪ್ಪನ ಹೆಸರು ಐದು ಕಡೆ ಇತ್ತು, ಚಿಕ್ಕಮ್ಮನ ಹೆಸರು ಒಂದು ಕಡೆ ಇತ್ತು. ಹುಡುಗಿಯ ಹೆಸರು ಎಲ್ಲಿಯೂ ಇರಲಿಲ್ಲ, ‘ಮಗಳು’ ಎಂದಷ್ಟೇ ಇತ್ತು. ಭಟ್ಟರಿಗೆ ಕೊಡುವ ಚೀಟಿಯಲ್ಲಿ ಅವಳ ಹೆಸರನ್ನು ಮೊದಲು ಬರೆಯಿರಿ.